ಗಂಡಿಲ್ಲದ ತೊಟ್ಟಿಯಲ್ಲಿ ಹೆಣ್ಣೇಡಿ ಮೊಟ್ಟೆ ಬಿಟ್ಟಿದೆ: ಇದು ಫಲಿತವೇ? ಅರ್ಧ ಉದುರಿದ್ದೇಕೆ?

ತೊಟ್ಟಿತಳ (ಪ್ರಶ್ನೆ)

ಕೆಸರೇಡಿ, ವೈಜ್ಞಾನಿಕ ಹೆಸರು ಸಿಲ್ಲಾ ಸೆರಾಟಾ. 2 ಟನ್ ಫೈಬರ್ ತೊಟ್ಟಿಯಲ್ಲಿ ನಾಲ್ಕು ಹೆಣ್ಣು, ಒಂದೊಂದೂ 450ರಿಂದ 550 ಗ್ರಾಂ. ನಡುವೆ ಬಲೆ ಅಡ್ಡ ಕಟ್ಟಿ ಬೇರೆ ಬೇರೆ ಇಟ್ಟಿದೆ. ಎಲ್ಲದರ ಹೊಟ್ಟೆಯೂ ಅಗಲ, ದುಂಡಗೆ, ಅಂಚಿನಲ್ಲಿ ರೋಮ. ಗಂಡು ಒಂದೂ ಇಲ್ಲ. ತೊಟ್ಟಿಗೆ ಬಂದಮೇಲೆ ಯಾವುದೂ ಪೊರೆ ಕಳಚಿಲ್ಲ. ಉಪ್ಪಿನಂಶ 27 ಪಿಪಿಟಿ (ಸಾವಿರಕ್ಕೆ 27 ಭಾಗ), ಉಷ್ಣತೆ 28–29 ಡಿಗ್ರಿ, ತಳ ಬರಿದು, ಮರಳು ಹಾಕಿಲ್ಲ.

ನಿನ್ನೆ ರಾತ್ರಿ ಒಂದು ಮೊಟ್ಟೆ ಬಿಟ್ಟಿದೆ. ಹೊಟ್ಟೆಯಡಿ ಕಿತ್ತಳೆ ಗೊಂಚಲು ಕಾಣುತ್ತಿದೆ, ಆದರೆ ಸುಮಾರು ಅರ್ಧದಷ್ಟು ತಳದಲ್ಲಿ ಪುಡಿಯಂತೆ ಹರಡಿದೆ. ಕೇಳಬೇಕಾದದ್ದು ಮೂರು. ಗಂಡಿಲ್ಲದೆ ಬಂದ ಈ ಮೊಟ್ಟೆ ಫಲಿತವಾಗಿರಲು ಸಾಧ್ಯವೇ? ಫಲಿತವೋ ಅಲ್ಲವೋ ಎಂದು ತಿಳಿಯುವುದು ಹೇಗೆ, ಎಷ್ಟು ದಿನಕ್ಕೆ? ಉದುರಿದ್ದಕ್ಕೆ ಕಾರಣವೇನು, ಉಳಿದ ಮೂರರಲ್ಲಿ ಹೀಗಾಗದಂತೆ ಈಗ ಏನು ಮಾಡಬೇಕು?

---

ಮರಳುತಟ್ಟೆ

ಮೂರನೆಯದಕ್ಕೆ ಮೊದಲ ಉತ್ತರ, ಅದನ್ನು ಇವತ್ತೇ ಮಾಡಬೇಕು. ಉದುರಿದ್ದಕ್ಕೆ ಮುಖ್ಯ ಕಾರಣ ಮರಳಿಲ್ಲದಿರುವುದು.

ಈ ಜಾತಿಯ ಹೆಣ್ಣು ಮೊಟ್ಟೆ ಬಿಡುವಾಗ ಮರಳಿನಲ್ಲಿ ಹೂತುಕೊಂಡು ತನ್ನ ಅಡಿಯಲ್ಲಿ ಒಂದು ತಗ್ಗು ಮಾಡಿಕೊಳ್ಳುತ್ತದೆ. ಮಡಚಿದ ಹೊಟ್ಟೆಯನ್ನು ಬಿಚ್ಚಿ ಆ ತಗ್ಗಿನ ಮೇಲೆ ಒತ್ತಿದಾಗ ಎದೆ, ಹೊಟ್ಟೆ, ಮರಳು ಮೂರೂ ಸೇರಿ ಮುಚ್ಚಿದ ಜಾಗ ಆಗುತ್ತದೆ. ಹೊರಬಂದ ಮೊಟ್ಟೆ ಅದರೊಳಗೇ ನಿಂತು ಹೊಟ್ಟೆಯಡಿಯ ಕಿರುಕಾಲುಗಳಾದ ಪ್ಲಿಯೋಪಾಡ್‌ಗಳ ರೋಮಕ್ಕೆ ತಾಗಬೇಕು, ಹೊರಪದರ ಅಂಟಿಕೊಂಡು ಸಣ್ಣ ತೊಟ್ಟು ಆಗಬೇಕು. ಬರಿ ಫೈಬರ್ ತಳದಲ್ಲಿ ಆ ಮುಚ್ಚಿದ ಜಾಗ ಸಿಗುವುದಿಲ್ಲ. ಅಂಟುವ ಮೊದಲೇ ಮೊಟ್ಟೆ ಪಕ್ಕಕ್ಕೆ ಹರಿದುಹೋಗುತ್ತದೆ. ಅರ್ಧವಾದರೂ ಉಳಿದಿದೆ ಎಂದರೆ ಮೂಲೆಯಲ್ಲೋ ಗೋಡೆಗೆ ಒತ್ತಿಕೊಂಡೋ ಬಿಟ್ಟಿರಬೇಕು. ಎಷ್ಟೋ ಸಲ ಇಡೀ ಗೊಂಚಲೇ ನೆಲಕ್ಕೆ ಹೋಗುತ್ತದೆ.

ಉಳಿದ ಮೂರಕ್ಕೆ:

ತೊಳೆದ ಮಧ್ಯಮ ಕಾಳಿನ ಮರಳು, ದಪ್ಪ ಕನಿಷ್ಠ 10 ಸೆಂ.ಮೀ. ಇಡೀ ತಳಕ್ಕೆ ಬೇಡ, ಪ್ರತಿ ಏಡಿಗೆ ಚಿಪ್ಪಿನ ಅಗಲದ ಮೂರು ಪಟ್ಟು ಉದ್ದಗಲದ ತಟ್ಟೆ ಸಾಕು. ತಟ್ಟೆಯ ಅಂಚು ಮರಳಿಗಿಂತ ಒಂದೆರಡು ಬೆರಳಷ್ಟೇ ಎತ್ತರವಿರಲಿ, ಏಡಿ ಹತ್ತಿ ಇಳಿಯಬೇಕು. ತೀರಾ ನುಣುಪಾದ ಮರಳು ಗಟ್ಟಿಯಾಗಿ ಕೂರುತ್ತದೆ, ಅಡಿಯಲ್ಲಿ ಗಾಳಿಯಾಡದೆ ಕಪ್ಪಾಗಿ ಕೊಳೆತ ವಾಸನೆ ಹಿಡಿಯುತ್ತದೆ. ಕಪ್ಪಾದ ಮರಳಿನಲ್ಲಿ ಏಡಿ ಹೂತುಕೊಳ್ಳುವುದೇ ಇಲ್ಲ. ದಿನಾ ತಿಂದುಳಿದದ್ದನ್ನು ತೆಗೆದು, ವಾರಕ್ಕೊಮ್ಮೆ ಮರಳನ್ನು ಕೆದಕಿ ಕೊಳೆಯನ್ನು ಕೊಳವೆಯಿಂದ ಹೊರಗೆಳೆಯಿರಿ (ಸೈಫನ್).

ಉಪ್ಪಿನಂಶ 27 ಕಡಿಮೆ. 30ರಿಂದ 34ರೊಳಗೆ ತನ್ನಿ, ಆದರೆ ದಿನಕ್ಕೆ 2 ಪಿಪಿಟಿಗಿಂತ ಹೆಚ್ಚು ಏರಿಸಬೇಡಿ. ಕೆಸರೇಡಿ ಅಳಿವೆಯ ಸಪ್ಪೆನೀರಿನಲ್ಲಿ ಬೆಳೆಯುತ್ತದೆ ನಿಜ, ಮೊಟ್ಟೆ ಬಿಡಲು ಮಾತ್ರ ಸಮುದ್ರಕ್ಕೆ ಇಳಿಯುತ್ತದೆ. ಬೆಳೆಸುವ ನೀರನ್ನೇ ಮೊಟ್ಟೆಯ ನೀರು ಅಂದುಕೊಳ್ಳುವುದು ಸಾಮಾನ್ಯ ಎಡವಟ್ಟು.

ತೊಟ್ಟಿಗೆ ಕಪ್ಪು ಮುಚ್ಚಿಗೆ ಹಾಕಿ. ಮೊಟ್ಟೆ ಬಿಡುವುದು ಹೆಚ್ಚಾಗಿ ರಾತ್ರಿ. ಆ ಹೊತ್ತಿನಲ್ಲಿ ಟಾರ್ಚ್ ಹಾಕಿ ಎತ್ತಿ ನೋಡಿದರೆ ಅರ್ಧಕ್ಕೇ ಎದ್ದು ಓಡುತ್ತದೆ, ಉಳಿದದ್ದು ನೆಲದ ಪಾಲು.

ಉದುರಿದ ಮೊಟ್ಟೆಯನ್ನು ಮತ್ತೆ ಅಂಟಿಸಲಾಗದು. ಇವತ್ತೇ ಸೈಫನ್ ಮಾಡಿ ತೆಗೆಯಿರಿ. ನಾಳೆಗೆ ಕೊಳೆತು ಅಮೋನಿಯಾ ಏರುತ್ತದೆ, ಬ್ಯಾಕ್ಟೀರಿಯಾ ಉಳಿದ ಗೊಂಚಲಿಗೆ ಹತ್ತುತ್ತದೆ. ಮೊಟ್ಟೆ ಹೊತ್ತಿರುವ ಏಡಿಗೆ ಇನ್ನು ಮರಳು ಬೇಡ. ಒಮ್ಮೆ ಅಂಟಿದ ಮೇಲೆ ಮರಳು ಕೊಳೆಗೆ ಆಸರೆ, ಅಷ್ಟೇ. 300ರಿಂದ 500 ಲೀಟರಿನ ಚೊಕ್ಕ ತೊಟ್ಟಿಗೆ ಒಂಟಿಯಾಗಿ ಸಾಗಿಸಿ. ನೀರಿನೊಳಗೇ ಬುಟ್ಟಿಗೆ ಹತ್ತಿಸಿ ತೆಗೆಯಿರಿ. ಗಾಳಿಯಲ್ಲಿ ತೂಗಿ ಹಿಡಿದರೆ ಗೊಂಚಲು ಜೋತು ಬುಡದಲ್ಲಿ ಹರಿಯುತ್ತದೆ.

---

ಆರನೇಫಲಕ

ಮೊದಲ ಪ್ರಶ್ನೆಗೆ: ಹೌದು, ಗಂಡಿಲ್ಲದೆಯೂ ಫಲಿತವಾಗಿರಬಹುದು. ಗಂಡಿನ ಕೆಲಸ ನಿಮ್ಮ ತೊಟ್ಟಿಗೆ ಬರುವ ಮೊದಲೇ ಮುಗಿದಿರಬಹುದು.

ಈಜುವ ಏಡಿಗಳ ಕುಟುಂಬದಲ್ಲಿ, ಅಂದರೆ ಕೆಸರೇಡಿ, ನೀಲಿ ಏಡಿ ಮುಂತಾದವುಗಳಲ್ಲಿ, ಹೆಣ್ಣು ಪೊರೆ ಕಳಚಿ ಮೆತ್ತಗಿರುವಾಗ ಕೂಡುವಿಕೆ ನಡೆಯುತ್ತದೆ. ಕಳಚುವ ಹೊತ್ತು ಹತ್ತಿರವಾದ ಹೆಣ್ಣು ಮೂತ್ರದಲ್ಲಿ ರಾಸಾಯನಿಕ ಸುಳಿವು ಬಿಡುತ್ತದೆ. ಗಂಡು ಅದನ್ನು ಹಿಡಿದು ಬಂದು ಹೆಣ್ಣನ್ನು ತನ್ನ ಅಡಿಗೆ ಅವಚಿಕೊಂಡು ಕೆಲವು ದಿನ ಹೊತ್ತು ತಿರುಗುತ್ತದೆ. ಹೆಣ್ಣು ಪೊರೆ ಬಿಟ್ಟ ಮೇಲೆ ಅದನ್ನು ಅಂಗಾತ ಮಾಡಿ, ತನ್ನ ಮೊದಲ ಎರಡು ಜೋಡಿ ಪ್ಲಿಯೋಪಾಡ್‌ಗಳಿಂದ ವೀರ್ಯಾಣುಗಳ ಪೊಟ್ಟಣಗಳನ್ನು ಹೆಣ್ಣಿನ ಜೋಡಿ ರಂಧ್ರಗಳೊಳಗೆ ಸೇರಿಸುತ್ತದೆ. ಇದು ಗಂಟೆಗಟ್ಟಲೆ ನಡೆಯುತ್ತದೆ. ಆಮೇಲೂ ಚಿಪ್ಪು ಗಟ್ಟಿಯಾಗುವವರೆಗೆ ಕಾವಲು ಬಿಡುವುದಿಲ್ಲ.

ಆ ರಂಧ್ರಗಳು ಇರುವುದು ಎದೆಯ ಅಡಿಭಾಗದ ಆರನೆಯ ಫಲಕದಲ್ಲಿ, ಹೊಟ್ಟೆ ಮಡಿಕೆಯನ್ನು ಎತ್ತಿದರೆ ಕಾಣುತ್ತವೆ. ಒಳಗೆ ಒಂದೊಂದಕ್ಕೂ ಒಂದು ವೀರ್ಯಕೋಶ, ಅಂದರೆ ವೀರ್ಯಾಣು ಕೂಡಿಡುವ ಚೀಲ. ಏಡಿಯ ವೀರ್ಯಾಣುವಿಗೆ ಬಾಲವಿಲ್ಲ, ಅದು ಈಜಿಹೋಗುವುದಿಲ್ಲ, ಕೋಶದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ಅಂಡಾಶಯದಿಂದ ಇಳಿಯುವ ಅಂಡಗಳು ಈ ಕೋಶದ ಮೂಲಕವೇ ಹಾದು ಹೊರಬರಬೇಕು. ಫಲವಾಗುವುದು ಅಲ್ಲೇ. ಮೊಟ್ಟೆ ಹೊರಬಂದ ಮೇಲೆ ಗಂಡನ್ನು ತಂದು ಬಿಡುವುದರಿಂದ ಪ್ರಯೋಜನವಿಲ್ಲ, ತೊಂದರೆಯೇ ಹೆಚ್ಚು.

ಒಂದು ಕೂಡುವಿಕೆಯ ದಾಸ್ತಾನು ಒಂದಕ್ಕಿಂತ ಹೆಚ್ಚು ಗೊಂಚಲಿಗೆ ಸಾಕಾಗುತ್ತದೆ. ಕೆಸರೇಡಿ ಮತ್ತೆ ಗಂಡನ್ನು ಸೇರದೆ ಎರಡು ಮೂರು ಬಾರಿ ಮೊಟ್ಟೆ ಬಿಡುವುದುಂಟು. ಕ್ಯಾಲಿನೆಕ್ಟಸ್ ಸಾಪಿಡಸ್ ಎಂಬ ನೀಲಿ ಏಡಿಯಲ್ಲಂತೂ ಹೆಣ್ಣು ಬಲಿಯುವ ಆ ಕೊನೆಯ ಪೊರೆ ಕಳಚುವಾಗ ಮಾತ್ರ ಕೂಡುತ್ತದೆ, ಆಮೇಲಿನ ಎಲ್ಲ ಗೊಂಚಲುಗಳಿಗೂ ಅದೇ ದಾಸ್ತಾನು. ನಂತರದ ಗೊಂಚಲುಗಳು ಮೊದಲಿನದಕ್ಕಿಂತ ಚಿಕ್ಕದಾಗುವುದು, ಫಲಿತ ಪ್ರಮಾಣ ಇಳಿಯುವುದು ಎರಡೂ ಸಹಜ.

ಎಲ್ಲ ಏಡಿಗಳೂ ಹೀಗಲ್ಲ. ಪಿಟೀಲು ಏಡಿಗಳಂಥ ಅನೇಕ ಗುಂಪುಗಳಲ್ಲಿ ಚಿಪ್ಪು ಗಟ್ಟಿ ಇರುವಾಗಲೇ ಕೂಡುತ್ತವೆ. ಸಿಹಿನೀರಿನ ಏಡಿಗಳ ಕತೆಯೇ ಬೇರೆ: ಮೊಟ್ಟೆ ಕೆಲವೇ, ಆದರೆ ದೊಡ್ಡವು, ಲಾರ್ವಾ ಹಂತವೇ ಇಲ್ಲ. ಮರಿ ಏಡಿಯೇ ಹೊರಬಂದು ಕೆಲವು ದಿನ ತಾಯಿಯ ಹೊಟ್ಟೆ ಮಡಿಕೆಯಲ್ಲೇ ಇರುತ್ತದೆ. ಆದ್ದರಿಂದ ಅಂತರ್ಜಾಲದಲ್ಲಿ ಓದಿದ್ದನ್ನು ಜಾತಿ ನೋಡದೆ ಹೊಂದಿಸಬೇಡಿ.

ನಿಮ್ಮ ಏಡಿಗಳ ಹೊಟ್ಟೆ ಅಗಲ, ದುಂಡು, ರೋಮಯುಕ್ತ ಎಂದಿದ್ದೀರಿ. ಬಲಿಯುವ ಪೊರೆ ಕಳಚಿ ಆಗಿದೆ ಎಂಬುದಕ್ಕೆ ಅದು ಗುರುತು. ಎಳೆಯ ಹೆಣ್ಣಿನ ಹೊಟ್ಟೆ ತ್ರಿಕೋನಾಕಾರ. ಆದರೆ ಬಲಿತಿದೆ ಎಂದ ಮಾತ್ರಕ್ಕೆ ಕೂಡಿದೆ ಎಂದಾಗದು. ಪೊರೆ ಕಳಚಿದ ಹೊತ್ತಿಗೆ ಗಂಡು ಸಿಗದ ಹೆಣ್ಣಿನ ಅಂಡಾಶಯವೂ ತುಂಬುತ್ತದೆ, ಅದೂ ಮೊಟ್ಟೆ ಬಿಡಬಹುದು, ಅದು ಅಂಟಲೂಬಹುದು. ನಾಲ್ಕೈದು ದಿನದಲ್ಲಿ ಉದುರುತ್ತದೆ.

---

ನಲವತ್ತುಪಟ್ಟು

ಎರಡನೆಯ ಪ್ರಶ್ನೆ ನನ್ನ ಪಾಲಿಗೆ. ಬಣ್ಣ ನೋಡಿ ನಿರ್ಧರಿಸಬೇಡಿ, ಮೊಟ್ಟೆಯನ್ನೇ ನೋಡಿ. 40 ಪಟ್ಟು ಹಿಗ್ಗಿಸುವ ಸಾಮಾನ್ಯ ಮೈಕ್ರೋಸ್ಕೋಪ್ ಸಾಕು.

ಮಾದರಿ ತೆಗೆಯುವ ಕ್ರಮ: ಇಕ್ಕಳಗಳನ್ನು ಕಟ್ಟಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅದೇ ತೊಟ್ಟಿಯ ನೀರಿರುವ ಅಗಲ ಪಾತ್ರೆಯಲ್ಲಿ ಏಡಿಯನ್ನು ಅಂಗಾತ ಮಾಡಿ. ಗೊಂಚಲು ನೀರಿನಲ್ಲೇ ಮುಳುಗಿರಲಿ. ಸಪೂರ ಚಿಮುಟದಿಂದ ಹೊರಪದರ, ನಡು, ಬುಡ ಮೂರು ಕಡೆಯಿಂದಲೂ ಕೆಲವೇ ಎಳೆ ಕೀಳಿ. ಹೊರಗಿನದನ್ನು ಮಾತ್ರ ನೋಡಿ ಸಮಾಧಾನಪಟ್ಟರೆ ಮೋಸ ಹೋಗುತ್ತೀರಿ. ಒಳಗಿನ ಮೊಟ್ಟೆಗೆ ಆಮ್ಲಜನಕ ಕಡಿಮೆ, ಬೆಳವಣಿಗೆ ಹಿಂದೆ ಬಿದ್ದಿರಬಹುದು, ಕೆಲವೊಮ್ಮೆ ಬುಡದಲ್ಲೇ ಸತ್ತಿರುತ್ತದೆ. ಎಲ್ಲ ಸೇರಿ 100 ಮೊಟ್ಟೆ ಎಣಿಸಿದರೆ ಸಾಕು, ಎರಡು ನಿಮಿಷದ ಕೆಲಸ.

ಮೊದಲ ಎರಡು ದಿನ ಮೊಟ್ಟೆಯೊಳಗೆ ಭ್ರೂಣದ ಆಹಾರವಾದ ಹಳದಿಯೇ ತುಂಬಿಕೊಂಡಿರುವುದರಿಂದ ಹೊಸಬರ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸುಮ್ಮನಿರಿ. 28–29 ಡಿಗ್ರಿಯಲ್ಲಿ ನಾಲ್ಕನೆಯ ದಿನದ ಹೊತ್ತಿಗೆ ಫಲಿತ ಮೊಟ್ಟೆಯ ಒಂದು ಪಕ್ಕದಲ್ಲಿ ಹಳದಿಯಿಲ್ಲದ ತಿಳಿಯಾದ ಅರ್ಧಚಂದ್ರ ಕಾಣತೊಡಗುತ್ತದೆ. ಭ್ರೂಣ ಇರುವುದು ಅಲ್ಲಿ. ಆಮೇಲೆ ಕಣ್ಣಿನ ಕಪ್ಪು ಗೆರೆ, ಮೈಮೇಲೆ ಬಣ್ಣದ ಚುಕ್ಕೆಗಳು, ಕೊನೆಯ ದಿನಗಳಲ್ಲಿ ಹೃದಯದ ಮಿಡಿತ. ಫಲಿಸದ ಮೊಟ್ಟೆಯಲ್ಲಿ ಅರ್ಧಚಂದ್ರ ಬರುವುದೇ ಇಲ್ಲ. ಹಳದಿ ಒಡೆದು ಕಾಳುಕಾಳಾಗುತ್ತದೆ, ಪೊರೆಯಿಂದ ದೂರ ಸರಿದು ಕುಗ್ಗುತ್ತದೆ.

ಬಣ್ಣದ ವಿಚಾರ ಹೇಳಿಬಿಡುತ್ತೇನೆ, ಯಾಕೆಂದರೆ ಒಳ್ಳೆಯ ಗೊಂಚಲನ್ನು ಕೊಳೆತಿದೆ ಎಂದು ಎಸೆದವರಿದ್ದಾರೆ. ಕಿತ್ತಳೆ ಅಥವಾ ಹಳದಿಯಿಂದ ಕಂದು, ಕಂದಿನಿಂದ ಬೂದು, ಕೊನೆಗೆ ಕಪ್ಪು, ಇದು ಆರೋಗ್ಯದ ದಾರಿ. ಒಳಗಿನ ಆಹಾರದ ಹಳದಿ ಖರ್ಚಾಗುತ್ತಿದೆ, ಭ್ರೂಣದ ಕಣ್ಣು ಬಲಿಯುತ್ತಿದೆ ಎಂದರ್ಥ. ಕಪ್ಪಾದರೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಕೆಟ್ಟ ಸೂಚನೆ ಬೇರೆ: ಐದು ದಿನವಾದರೂ ಅದೇ ಕಿತ್ತಳೆ, ಅಲ್ಲಲ್ಲಿ ಬಿಳಿ ತೇಪೆ, ಹತ್ತಿಯಂಥ ಎಳೆ, ಕಂದು ಬಂದರೂ ಸಡಿಲವಾಗಿ ದಿನಾ ಉದುರುವುದು.

ಅವಧಿ: ಈ ಉಷ್ಣತೆಯಲ್ಲಿ 9ರಿಂದ 12 ದಿನ. 20 ಡಿಗ್ರಿಗೆ ಇಳಿದರೆ ಹೆಚ್ಚುಕಡಿಮೆ ಒಂದು ತಿಂಗಳು. ತಣ್ಣೀರಿನ ಹಿಮ ಏಡಿಗಳಲ್ಲಿ ತಾಯಿ ಒಂದರಿಂದ ಎರಡು ವರ್ಷ ಮೊಟ್ಟೆ ಹೊತ್ತಿರುತ್ತದೆ, ಉಷ್ಣತೆಯ ಆಟ ಅಷ್ಟು. ಬೇಗ ಒಡೆಯಲಿ ಎಂದು ಹೀಟರ್ ಹಾಕಿ 32ಕ್ಕೆ ಏರಿಸುವ ಯೋಚನೆ ಬೇಡ. ಅದಕ್ಕಿಂತ ಕೆಟ್ಟದ್ದು ರಾತ್ರಿ ಹಗಲಿನ ನಡುವೆ 3–4 ಡಿಗ್ರಿ ಏರಿಳಿತ.

---

ಬೇಗಬೇಕು

ಉಳಿದ ಮೂರಕ್ಕೆ ಒಂದು ಕಣ್ಣಿನ ಕಾಂಡ ಕತ್ತರಿಸಿದರೆ ಬೇಗ ಮೊಟ್ಟೆ ಬಿಡುತ್ತವಲ್ಲ? ಸೀಗಡಿಯಲ್ಲಿ ಎಲ್ಲರೂ ಮಾಡುವುದೇ. ಮರಳು, ಮುಚ್ಚಿಗೆ ಎಂದು ಕಾಯುವುದೇಕೆ?

---

ಆರನೇಫಲಕ

ಮರಳಿಗೂ ಕಣ್ಣಿನ ಕಾಂಡಕ್ಕೂ ಸಂಬಂಧವಿಲ್ಲ. ಕಾಂಡ ಕತ್ತರಿಸಿದರೆ ಅಂಡಾಶಯ ಬೇಗ ತುಂಬಬಹುದು, ಮೊಟ್ಟೆ ಅಂಟಲು ಮರಳು ಆಗಲೂ ಬೇಕು.

ಇದು ಕೆಲಸ ಮಾಡುವ ರೀತಿ ಹೀಗೆ. ಕಣ್ಣಿನ ಕಾಂಡದೊಳಗಿನ ಎಕ್ಸ್ ಅಂಗ ಮತ್ತು ಸೈನಸ್ ಗ್ರಂಥಿಯಿಂದ ಅಂಡಾಶಯವನ್ನು ತಡೆಹಿಡಿಯುವ ಹಾರ್ಮೋನ್ ಬರುತ್ತದೆ. ಪೊರೆ ಕಳಚುವುದನ್ನು ತಡೆಯುವ ಹಾರ್ಮೋನ್ ಬರುವುದೂ ಅಲ್ಲಿಂದಲೇ. ಒಂದು ಕಾಂಡ ತೆಗೆದರೆ ಎರಡೂ ತಡೆಗಳು ಸಡಿಲವಾಗುತ್ತವೆ. ಏಡಿ ಮೊಟ್ಟೆಯ ಕಡೆಗೆ ಹೋಗುತ್ತದೋ ಪೊರೆ ಕಳಚುವ ಕಡೆಗೋ ಎಂಬುದು ಆಗ ಅದು ಯಾವ ಹಂತದಲ್ಲಿದೆ ಎಂಬುದರ ಮೇಲೆ ನಿಲ್ಲುತ್ತದೆ. ಪೊರೆಯ ಹಾದಿ ಹಿಡಿದರೆ ಕೂಡಿಟ್ಟ ಶಕ್ತಿ ಅಲ್ಲೇ ಖರ್ಚು.

ಮೊಟ್ಟೆಯ ಕಡೆ ಹೋದರೂ ಅವಸರದ ಬೆಲೆ ತೆರಬೇಕು. ಅಂಡಕ್ಕೆ ಸೇರಬೇಕಾದ ಹಳದಿ ಪ್ರೋಟೀನ್, ಕೊಬ್ಬು, ಕೆರೊಟಿನಾಯ್ಡ್ ಬಣ್ಣ ಇವೆಲ್ಲ ಆಹಾರದಿಂದ ಮತ್ತು ದೇಹದ ದಾಸ್ತಾನಿನಿಂದ ಬರಬೇಕು. ಸಮಯ ಕಡಿಮೆಯಾದರೆ ಅಂಡ ಬಡಕಲು. ಲಾರ್ವಾ ಮೊದಲ ಊಟ ಹಿಡಿಯುವ ಮುಂಚೆ ಬದುಕುವುದೇ ಆ ಹಳದಿಯ ಮೇಲೆ. ಅಂಡಾಶಯ ಈಗಾಗಲೇ ಕಿತ್ತಳೆಯಾಗಿರುವ ಏಡಿಗೆ ಇದನ್ನು ಮಾಡುವುದು ಶುದ್ಧ ಅನಾವಶ್ಯಕ. ಅದು ಹೇಗೂ ಬಿಡುತ್ತದೆ.

---

ತೊಟ್ಟಿತಳ

ಮರಳು ತಟ್ಟೆ ಇಟ್ಟಾಯಿತು, ಕಪ್ಪು ಮುಚ್ಚಿಗೆ ಹಾಕಿದೆ, ಉಪ್ಪಿನಂಶ ಏರಿಸುತ್ತಿದ್ದೇನೆ. ಉಳಿದ ಮೂರರ ಅಂಡಾಶಯ ಯಾವ ಹಂತದಲ್ಲಿದೆ ಎಂದು ಕೊಯ್ಯದೆ ನೋಡಲು ದಾರಿಯಿದೆಯೇ? ಈಗ ಸಿಗಡಿ ತಲೆ ಹಾಕುತ್ತಿದ್ದೇನೆ, ಸಾಕೇ? ಇನ್ನೊಂದು: ಉಳಿದ ಅರ್ಧ ಗೊಂಚಲಿನಲ್ಲಿ ಎಷ್ಟು ಮೊಟ್ಟೆ ಇರಬಹುದು?

---

ಮರಳುತಟ್ಟೆ

ಕೊಯ್ಯದೆ ನೋಡಬಹುದು. ಏಡಿಯನ್ನು ಹಿಂದಿನಿಂದ ಹಿಡಿದು, ಚಿಪ್ಪಿನ ಹಿಂದಿನ ಅಂಚಿಗೂ ಹೊಟ್ಟೆಯ ಮೊದಲ ಪಟ್ಟಿಗೂ ನಡುವಿನ ಕೀಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೊತ್ತಿ. ತೆಳುವಾದ ಪೊರೆ ಕಾಣುತ್ತದೆ, ಅದರ ಹಿಂದೆ ಅಂಡಾಶಯದ ಹಿಂತುದಿ. ಬಣ್ಣವಿಲ್ಲದೆ ಪಾರದರ್ಶಕವಾಗಿದ್ದರೆ ಎಳೆಯದು. ಕೆನೆ ಬಿಳುಪಿನಿಂದ ತಿಳಿ ಹಳದಿ ಇದ್ದರೆ ತುಂಬಲು ಶುರು. ಗಟ್ಟಿ ಹಳದಿಯಾದರೆ ಅರ್ಧ ದಾರಿ. ದಟ್ಟ ಕಿತ್ತಳೆಯಾಗಿ ಪೊರೆಗೆ ಒತ್ತಿಕೊಂಡಂತೆ ಕಂಡರೆ ಮರಳಿಗೆ ಹಾಕುವ ಕಾಲ. ವಾರಕ್ಕೊಮ್ಮೆಗಿಂತ ಹೆಚ್ಚು ಸಲ ನೋಡಬೇಡಿ. ಚಿಪ್ಪಿನ ಪಕ್ಕದ ಅಂಚಿನ ಹಿಂದೆ ಬಲವಾದ ಬೆಳಕು ಹಿಡಿಯುವುದು ಇನ್ನೊಂದು ವಿಧಾನ: ಬೆಳಕು ಹಾಯ್ದರೆ ಒಳಗೆ ಖಾಲಿ, ಹಾಯದಿದ್ದರೆ ತುಂಬಿದೆ. ಆದರೆ ಮಾಂಸ ತುಂಬಿದ್ದಕ್ಕೂ ಅಂಡಾಶಯ ತುಂಬಿದ್ದಕ್ಕೂ ಇದು ವ್ಯತ್ಯಾಸ ತೋರಿಸದು, ಕೀಲು ನೋಡುವುದೇ ಖಚಿತ.

ಸಿಗಡಿ ತಲೆ ಮಾತ್ರ ಸಾಲದು. ಸ್ಕ್ವಿಡ್, ಚಿಪ್ಪುಮಾಂಸ, ಮೀನು, ಸಿಕ್ಕರೆ ಸಮುದ್ರದ ಪಾಲಿಕೀಟ್ ಹುಳು, ಇವನ್ನು ದಿನ ಬಿಟ್ಟು ದಿನ ಬದಲಿಸಿ. ದಿನಕ್ಕೆ ಏಡಿಯ ತೂಕದ ಶೇ. 5ರಿಂದ 10, ಸಂಜೆ ಹೆಚ್ಚಿನ ಪಾಲು. 500 ಗ್ರಾಂ ಏಡಿಗೆ 25ರಿಂದ 50 ಗ್ರಾಂ ಹಸಿ ಆಹಾರ. ಕಠಿಣಚರ್ಮಿಗಳು ಕೊಲೆಸ್ಟೆರಾಲನ್ನು ತಾವೇ ತಯಾರಿಸಿಕೊಳ್ಳಲಾರವು, ಉದ್ದ ಸರಪಳಿಯ ಒಮೆಗಾ-3 ಕೊಬ್ಬುಗಳೂ ಆಹಾರದಿಂದಲೇ ಬರಬೇಕು. ಸ್ಕ್ವಿಡ್ಡಿಗೂ ಹುಳುವಿಗೂ ಇರುವ ಹೆಸರು ಅದಕ್ಕೇ.

ಮೊಟ್ಟೆ ಹೊತ್ತ ಏಡಿಗೆ ಮಾತ್ರ ಊಟ ನಿಲ್ಲಿಸಿ, ಇಲ್ಲವೇ ತೀರಾ ಕಡಿಮೆ ಮಾಡಿ. ಅದಕ್ಕೆ ಹಸಿವು ಹೇಗೂ ಕಡಿಮೆ, ಉಳಿದ ತುಣುಕು ನೀರು ಕೆಡಿಸುತ್ತದೆ. ನೀರು ದಿನಾ ಅರ್ಧದಿಂದ ಪೂರ್ತಿ ಬದಲಿಸಿ. ಹೊಸ ನೀರಿನ ಉಷ್ಣತೆ, ಉಪ್ಪು ಎರಡೂ ಹಳೆಯದಕ್ಕೆ ಸಮ ಇರಬೇಕು.

---

ನಲವತ್ತುಪಟ್ಟು

ಎಣಿಕೆಯ ಬಗ್ಗೆ. ಕೆಸರೇಡಿ ಒಂದು ಗೊಂಚಲಿಗೆ ಹತ್ತು ಲಕ್ಷದಿಂದ ಐವತ್ತು ಲಕ್ಷದವರೆಗೂ ಬಿಡಬಹುದು, ಗಾತ್ರದ ಮೇಲೆ ಹೋಗುತ್ತದೆ. ಏಡಿಗಳಲ್ಲಿ ಗೊಂಚಲಿನ ತೂಕ ಸಾಮಾನ್ಯವಾಗಿ ತಾಯಿಯ ತೂಕದ ಶೇ. 10ರ ಆಸುಪಾಸು. ಅಂಡಾಶಯ ಹಿಗ್ಗಬೇಕಾದದ್ದು ಗಟ್ಟಿ ಚಿಪ್ಪಿನೊಳಗೆ, ಇರುವ ಜಾಗವೇ ಮಿತಿ. ತಾಯಿ ದೊಡ್ಡದಾದಷ್ಟೂ ಲೆಕ್ಕ ಏರುವುದು ಇದರಿಂದಲೇ.

ನಿಖರ ಲೆಕ್ಕಕ್ಕೆ ಹೊರಪದರ, ನಡು, ಬುಡದಿಂದ ಒಂದೊಂದು ಚಿಟಿಕೆ ತೆಗೆದು, ಒತ್ತುಕಾಗದದಲ್ಲಿ ನೀರು ಹೀರಿಸಿ, 0.05 ಗ್ರಾಂ ತೂಗಿ ಎಣಿಸಿ. ಉದಾಹರಣೆಗೆ ಸರಾಸರಿ 1,800 ಬಂತು ಎನ್ನಿ. ಗ್ರಾಂಗೆ 36,000. ಏಡಿ 500 ಗ್ರಾಂ, ಪೂರ್ತಿ ಗೊಂಚಲು 50 ಗ್ರಾಂ ಇದ್ದಿದ್ದರೆ 18 ಲಕ್ಷ. ನಿಮ್ಮಲ್ಲಿ ಅರ್ಧ ಉಳಿದಿದೆ ಎಂದರೆ 9 ಲಕ್ಷ. ನೀರು ಸರಿಯಾಗಿ ಹೀರಿಸದಿದ್ದರೆ ಲೆಕ್ಕ ತುಂಬಾ ಕೆಳಗೆ ಬೀಳುತ್ತದೆ, ತಪ್ಪು ಹೆಚ್ಚು ನಡೆಯುವುದು ಇಲ್ಲೇ. ಮೊಟ್ಟೆ ಬೆಳೆಯುತ್ತಾ ನೀರು ಹೀರಿ ಉಬ್ಬುವುದರಿಂದ (0.3 ಮಿ.ಮೀ.ನಿಂದ ಸುಮಾರು 0.4ರವರೆಗೆ) ಮೊದಲ ದಿನದ ಗ್ರಾಂ ಲೆಕ್ಕವನ್ನು ಕೊನೆಯ ದಿನದ ತೂಕಕ್ಕೆ ಗುಣಿಸಬಾರದು.

---

ಹೊಟ್ಟೆಮಡಿಕೆ

ಇದೇ ಎಳೆಯಲ್ಲಿ ಕೇಳುತ್ತೇನೆ. ಒಂದು ಈಜುವ ಏಡಿಯ ಹೊಟ್ಟೆಯಡಿ ಹಳದಿ ಗಡ್ಡೆ ಇದೆ. ತುಂಬ ದಿನವಾದರೂ ಬಣ್ಣ ಬದಲಾಗಿಲ್ಲ, ಉದುರಿಯೂ ಇಲ್ಲ. ಮುಟ್ಟಿದರೆ ನಯವಾಗಿದೆ. ಫಲಿಸದ ಮೊಟ್ಟೆಯೇ?

---

ಆರನೇಫಲಕ

ಅದು ಮೊಟ್ಟೆಯೇ ಅಲ್ಲ ಎನ್ನಿಸುತ್ತದೆ. ಮೊಟ್ಟೆಯಾದರೆ ಕಾಳುಕಾಳಾಗಿ, ನಾಲ್ಕು ಜೋಡಿ ಪ್ಲಿಯೋಪಾಡ್‌ಗಳ ಒಳಕವಲಿನ ರೋಮಕ್ಕೆ ದ್ರಾಕ್ಷಿಗೊಂಚಲಿನಂತೆ ತೂಗಬೇಕು. ನಯವಾದ ಒಂದೇ ಚೀಲ, ಹೊಟ್ಟೆಯ ನಡುಗೆರೆಗೆ ಗಿಡ್ಡ ತೊಟ್ಟಿನಿಂದ ಅಂಟಿದ್ದರೆ ಅದು ಸ್ಯಾಕ್ಯುಲಿನಾ. ಬಂಡೆ, ದೋಣಿಗಳಿಗೆ ಅಂಟುವ ಬಾರ್ನಕಲ್ ಬಳಗದ ಪರಾವಲಂಬಿ. ಬೇರಿನಂಥ ಎಳೆಗಳು ಏಡಿಯ ಮೈಯೆಲ್ಲ ಹಬ್ಬಿರುತ್ತವೆ, ಹೊರಗೆ ಕಾಣುವುದು ಅದರ ಸಂತಾನದ ಚೀಲ ಮಾತ್ರ. ಏಡಿಯ ಅಂಡಾಶಯ ಬೆಳೆಯುವುದು ನಿಲ್ಲುತ್ತದೆ. ಗಂಡಿಗೆ ಹತ್ತಿದರೆ ಅದರ ಹೊಟ್ಟೆಯೂ ಹೆಣ್ಣಿನಂತೆ ಅಗಲವಾಗುತ್ತದೆ. ಏಡಿ ಆ ಚೀಲವನ್ನು ತನ್ನ ಮೊಟ್ಟೆ ಎಂಬಂತೆಯೇ ಗಾಳಿ ಬೀಸಿ ಶುಚಿ ಮಾಡಿ ಸಾಕುತ್ತದೆ, ಅದೊಂದು ವಿಚಿತ್ರ. ಚೀಲ ಕಿತ್ತರೂ ಒಳಗಿನ ಬೇರು ಉಳಿಯುತ್ತದೆ. ತಳಿಗೆ ಈ ಏಡಿ ಬೇಡ, ಬೇರೆ ಏಡಿಗಳ ನೀರಿನಿಂದ ಇವತ್ತೇ ಬೇರೆ ಮಾಡಿ.

---

ತೊಟ್ಟಿತಳ

ಐದನೆಯ ದಿನ ನೋಡಿದೆ. ಹೊರಪದರದಲ್ಲಿ 100ಕ್ಕೆ 80ರಷ್ಟರಲ್ಲಿ ತಿಳಿ ಅರ್ಧಚಂದ್ರ ಇದೆ. ಬುಡದಲ್ಲಿ ಅಷ್ಟಿಲ್ಲ, 60ರ ಹತ್ತಿರ. ಬುಡದ ಕೆಲವು ಮೊಟ್ಟೆಗೆ ತೆಳ್ಳಗಿನ ಎಳೆಗಳೂ ಗಂಟೆಯಾಕಾರದ ಸಣ್ಣ ಜೀವಿಗಳೂ ಅಂಟಿವೆ. ಔಷಧಿ ಹಾಕಲೇ? ಒಡೆಯುವ ದಿನ ಏನು ತಯಾರಿ?

---

ನಲವತ್ತುಪಟ್ಟು

ಫಲಿತವೇ. ತಾಯಿ ಮೊದಲೇ ಕೂಡಿತ್ತು.

ಗಂಟೆಯಾಕಾರದವು ವೋರ್ಟಿಸೆಲ್ಲಾ, ಝೂಥಾಮ್ನಿಯಂ ಬಗೆಯ ಏಕಕೋಶ ಜೀವಿಗಳಾದ ಸಿಲಿಯೇಟ್‌ಗಳು. ಅವು ಮೊಟ್ಟೆಯನ್ನು ತಿನ್ನುವುದಿಲ್ಲ, ಮೇಲೆ ಕೂತು ಉಸಿರು ಕಟ್ಟಿಸುತ್ತವೆ. ನೀರಿನಲ್ಲಿ ಸಾವಯವ ಕೊಳೆ ಹೆಚ್ಚಿದೆ ಎಂಬುದರ ಗುರುತು. ಎಳೆಗಳು ಮೊಟ್ಟೆಯ ಹೊರಗೆ ಮಾತ್ರ ನೇರವಾಗಿ ನಿಂತಿದ್ದರೆ ಲ್ಯೂಕೋಥ್ರಿಕ್ಸ್‌ನಂಥ ದಾರ ಬ್ಯಾಕ್ಟೀರಿಯಾ. ಒಳಗೂ ಕವಲೊಡೆದು ತುಂಬಿದ್ದರೆ ಶಿಲೀಂಧ್ರವನ್ನು ಹೋಲುವ ಲ್ಯಾಜೆನಿಡಿಯಂನಂಥ ಜೀವಿ, ಅದು ಕೊಲ್ಲುತ್ತದೆ. 100 ಪಟ್ಟಿನಲ್ಲಿ ಈ ಒಂದು ವ್ಯತ್ಯಾಸ ನೋಡಿ. ಮೊಟ್ಟೆಗಳ ನಡುವೆ ಹರಿದಾಡುವ ಸಪೂರ ಗುಲಾಬಿ ಹುಳು ಕಂಡರೆ ಕಾರ್ಸಿನೋನೆಮರ್ಟಿಸ್, ಅದು ಮೊಟ್ಟೆಯನ್ನೇ ಹೀರಿ ತಿನ್ನುತ್ತದೆ.

ನಿಮ್ಮದು ಹೊರಗಿನ ಎಳೆ ಮಾತ್ರವಾದರೆ ಔಷಧಿ ಬೇಡ. 5 ಮೈಕ್ರಾನ್ ಶೋಧಕ, ಆಮೇಲೆ ಯುವಿ (ಅತಿನೇರಳೆ ಬೆಳಕು) ದಾಟಿಸಿದ ನೀರು, ದಿನಾ ಪೂರ್ತಿ ಬದಲು, ಗಾಳಿ ಜೋರು.

---

ಮರಳುತಟ್ಟೆ

ಔಷಧಿಯ ಸಮಯ ಇದಲ್ಲ, ಮೊಟ್ಟೆ ಬಿಡುವ ಮುಂಚಿನದು. ಹೊಸ ಏಡಿ ಬಂದ ದಿನವೇ ಫಾರ್ಮಾಲಿನ್ 150 ಪಿಪಿಎಂ, 30 ನಿಮಿಷದ ಸ್ನಾನ. 1,000 ಲೀಟರಿಗೆ 150 ಮಿ.ಲೀ. ಮಾರುಕಟ್ಟೆ ಫಾರ್ಮಾಲಿನ್, 100 ಲೀಟರಿಗೆ 15 ಮಿ.ಲೀ. ಕೈಗವಸು, ತೆರೆದ ಜಾಗ ಕಡ್ಡಾಯ. ನೀರಿಗೆ ಜೋರಾದ ಗಾಳಿಯೂ ಕಡ್ಡಾಯ, ಯಾಕೆಂದರೆ ಫಾರ್ಮಾಲಿನ್ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಉಳಿದ ಮೂರಕ್ಕೆ ಇನ್ನೂ ಮಾಡಿಲ್ಲವಾದರೆ ಅಂಡಾಶಯ ದಟ್ಟ ಕಿತ್ತಳೆಯಾಗುವ ಮೊದಲು ಮುಗಿಸಿ.

ಒಡೆಯುವ ದಿನಕ್ಕೆ: ಗೊಂಚಲು ಬೂದಾದ ಕೂಡಲೇ ತಾಯಿಯನ್ನು ಒಡೆಯುವ ತೊಟ್ಟಿಗೆ ಸಾಗಿಸಿ. ಕಪ್ಪಾದ ಮೇಲೆ ಮುಟ್ಟಬೇಡಿ. ಆ ಹಂತದಲ್ಲಿ ಗಾಬರಿಯಾದರೆ ಮೊಟ್ಟೆಯನ್ನು ಅವಧಿಗೆ ಮುನ್ನ ಕೆದರಿಬಿಡುತ್ತದೆ. ಒಡೆಯುವುದು ಸಾಮಾನ್ಯವಾಗಿ ನಸುಕಿನಿಂದ ಬೆಳಗಿನವರೆಗೆ. ತಾಯಿ ಕಾಲೂರಿ ಎದ್ದು ನಿಂತು ಹೊಟ್ಟೆಯನ್ನು ಜೋರಾಗಿ ಬಡಿಯುತ್ತದೆ, ನೀರು ಮಬ್ಬಾಗುತ್ತದೆ. ಮುಗಿದ ಕೂಡಲೇ ತಾಯಿಯನ್ನು ತೆಗೆಯಿರಿ.

ಗಾಳಿಯನ್ನು 10 ನಿಮಿಷ ನಿಲ್ಲಿಸಿ ಒಂದು ಮೂಲೆಯಲ್ಲಿ ದೀಪ ಹಿಡಿಯಿರಿ. ಗಟ್ಟಿಮುಟ್ಟಾದ ಝೋಯಿಯಾಗಳು, ಅಂದರೆ ಆಗಷ್ಟೇ ಹೊರಬಂದ ಲಾರ್ವಾಗಳು, ಬೆಳಕಿನ ಕಡೆ ಮೇಲೆ ಬರುತ್ತವೆ, ಅವನ್ನಷ್ಟೇ ಮಗ್ಗಿನಿಂದ ತೋಡಿ. ತಳದಲ್ಲಿ ಉಳಿದದ್ದು ಒಡೆಯದ ಮೊಟ್ಟೆ, ಖಾಲಿ ಪೊರೆ, ಮುಳ್ಳು ಬಿಚ್ಚದ ಪೂರ್ವ-ಝೋಯಿಯಾ. ಲೆಕ್ಕಕ್ಕೆ ನೀರನ್ನು ಚೆನ್ನಾಗಿ ಕಲಕಿ ಐದು ಕಡೆಯಿಂದ 100 ಮಿ.ಲೀ. ತೆಗೆದು ಸರಾಸರಿ ನೋಡಿ. 40 ಬಂದರೆ ಲೀಟರಿಗೆ 400, 500 ಲೀಟರಿಗೆ 2 ಲಕ್ಷ. 9 ಲಕ್ಷ ಎದುರು ನೋಡಿ 2 ಲಕ್ಷ ಸಿಕ್ಕರೆ ಆಶ್ಚರ್ಯಪಡಬೇಡಿ, ಬುಡದ ಮೊಟ್ಟೆಗಳ ಸಂಖ್ಯೆ ನೀವೇ ಕೊಟ್ಟಿದ್ದೀರಿ, ದಿನಾ ಉದುರುವುದೂ ಇದೆ.

ಸಾಕುವ ತೊಟ್ಟಿಗೆ ಲೀಟರಿಗೆ 50ರಿಂದ 100. ಮೊದಲ ಊಟ ರೋಟಿಫರ್ ಎಂಬ ಸೂಕ್ಷ್ಮ ಜಲಜೀವಿ, ಮಿ.ಲೀ.ಗೆ 10ರಿಂದ 15, ಅದು ಒಡೆಯುವ ಮುಂಚೆಯೇ ಕೈಯಲ್ಲಿರಬೇಕು. ರೋಟಿಫರ್ ಬೆಳೆಸಿಲ್ಲದಿದ್ದರೆ ಇವತ್ತೇ ಶುರು ಮಾಡಿ, ನಿಮಗೆ ಇನ್ನು ಹೆಚ್ಚೆಂದರೆ ಏಳು ದಿನವಿದೆ. ಐದು ಝೋಯಿಯಾ ಹಂತ, ಆಮೇಲೆ ಮೆಗಲೋಪಾ ಎಂಬ ಕೊನೆಯ ಲಾರ್ವಾ ಹಂತ, ಆಮೇಲೆ ಮರಿ ಏಡಿ. ಆ ಕೆಲಸಕ್ಕೆ ಬೇರೆ ಎಳೆ ತೆರೆಯಿರಿ.

ತಾಯಿಯನ್ನು ಎಸೆಯಬೇಡಿ. ಮತ್ತೆ ಮರಳು, ಸ್ಕ್ವಿಡ್, ಕತ್ತಲೆ. ವೀರ್ಯಕೋಶದಲ್ಲಿ ದಾಸ್ತಾನು ಉಳಿದಿದ್ದರೆ ಕೆಲವು ವಾರಗಳಲ್ಲಿ ಇನ್ನೊಂದು ಗೊಂಚಲು ಬಿಡಬಹುದು. ಅದನ್ನೂ ನಾಲ್ಕೈದನೆಯ ದಿನ ಮೈಕ್ರೋಸ್ಕೋಪಿನಡಿ ನೋಡಿಯೇ ಮುಂದುವರಿಯಿರಿ.